ಬಾಯಲ್ಲಿ ವಾಕ್ಯ, ಕೈಯಲ್ಲಿ ಕವರ್

ಕಳೆದ ಸಂಚಿಕೆಯ ಪತ್ರ: "ನನಗೆ 34 ವರ್ಷ. ಒಂದು ಖಾಸಗಿ ಫ್ಯಾಕ್ಟರಿಯ ಪರ್ಚೇಸ್ ವಿಭಾಗದಲ್ಲಿದ್ದೇನೆ. ಎರಡು ವರ್ಷದ ಹಿಂದೆ ತಂಗಿಯ ನರ್ಸಿಂಗ್ ಫೀಸು ಕಟ್ಟಬೇಕಿತ್ತು. ಬೆಳಿಗ್ಗೆ ಪ್ರಾರ್ಥನೆ ಮಾಡಿ, ಬೈಬಲ್ ವಚನ ಬರೆದಿಡುವ ವಾಗ್ದಾನದ ಚೀಟಿಗಳಲ್ಲಿ ಒಂದನ್ನು ತೆಗೆದೆ. ದೇವರು ನಿಮ್ಮ ಕೊರತೆಯನ್ನೆಲ್ಲ ನೀಗಿಸುತ್ತಾನೆ ಎಂಬ ವಾಕ್ಯ ಬಂತು. ಸಂಜೆ ಸಪ್ಲೈಯರ್ ಒಬ್ಬರು ಕೊಟ್ಟ ದೀಪಾವಳಿ ಸ್ವೀಟ್ ಬಾಕ್ಸಿನ ತಳದಲ್ಲಿ 15,000 ರೂಪಾಯಿಯ ಕವರ್ ಇತ್ತು. ದೇವರೇ ಕಳಿಸಿದ್ದು ಅಂದುಕೊಂಡೆ. ಆಮೇಲೆ ಅದು ರೂಢಿಯಾಯಿತು. ಅಡವಿಯಲ್ಲಿ ಸೈತಾನ ಯೇಸುವಿಗೆ ಆಸೆ ತೋರಿಸಿ ಶೋಧಿಸುವ ಮತ್ತಾಯ 4ನೇ ಅಧ್ಯಾಯ ಬಾಯಿಪಾಠ ಇದೆ. ‘ಸೈತಾನನೇ, ತೊಲಗಿ ಹೋಗು’ ಅಂತ ಮನಸ್ಸಿನಲ್ಲಿ ಹೇಳುತ್ತಲೇ ಇರುತ್ತೇನೆ, ಕೈ ಮಾತ್ರ ಮುಂದೆ ಹೋಗುತ್ತದೆ. ಭಾನುವಾರ ಚರ್ಚಿನ ಸಭೆಯಲ್ಲಿ ಬೈಬಲ್ ಪಾಠ ಓದುವವನೂ ನಾನೇ. ವಾಕ್ಯ ನನ್ನಲ್ಲಿ ಯಾಕೆ ಕೆಲಸ ಮಾಡುತ್ತಿಲ್ಲ?"

ಓದುಗರು ಬರೆದದ್ದರಲ್ಲಿ ಕೆಲವು ಇಲ್ಲಿವೆ.

*

ತಮ್ಮಾ, ನಿನ್ನ ಪತ್ರ ಓದಿ ಮೊದಲು ನನಗೆ ನನ್ನ ಮೇಲೇ ಸಿಟ್ಟು ಬಂತು. ಮೂವತ್ತು ವರ್ಷ ಸಂಡೇ ಸ್ಕೂಲ್ ಟೀಚರ್ ಆಗಿದ್ದೆ. ಆ ವಾಗ್ದಾನದ ಚೀಟಿಗಳನ್ನು ಹಳೇ ಲಗ್ನಪತ್ರಿಕೆ ಕತ್ತರಿಸಿ, ಹಿಂದಿನ ಬಿಳಿ ಬದಿಯಲ್ಲಿ ನಾನೇ ಕೈಯಾರೆ ಬರೆದು ಡಬ್ಬಿಗೆ ತುಂಬುತ್ತಿದ್ದೆ. ಚೀಟಿಯಲ್ಲಿ ಒಂದೇ ವಚನ ಹಿಡಿಸುತ್ತದೆ. ಅದರ ಮೇಲೆ ಏನಿದೆ, ಕೆಳಗೆ ಏನಿದೆ ಅಂತ ಮಕ್ಕಳಿಗೆ ಹೇಳಿದ್ದು ಕಮ್ಮಿ.

ನಿನಗೆ ಬಂದ ವಾಕ್ಯ ಫಿಲಿಪ್ಪಿಯ ಸಭೆಗೆ ಅಪೊಸ್ತಲ ಪೌಲ ಬರೆದ ಪತ್ರದ್ದು, ಫಿಲಿಪ್ಪಿ 4:19. ಈಗ ಸತ್ಯವೇದ ತೆಗೆದು ಅದರ ಹಿಂದಿನ ವಚನ ಓದು. ಪೌಲ ಸೆರೆಯಲ್ಲಿದ್ದಾನೆ. ಫಿಲಿಪ್ಪಿಯ ಸಭೆಯವರು ಎಪಫ್ರೊದೀತನ ಕೈಯಲ್ಲಿ ಅವನಿಗೆ ಸಹಾಯ ಕಳಿಸಿದ್ದಾರೆ. ಅದು ಮುಟ್ಟಿತು ಅಂತ ಪೌಲ ಹೆಸರು ಹೇಳಿ, ಇಡೀ ಸಭೆಗೆ ಕೇಳುವ ಹಾಗೆ ಬರೆಯುತ್ತಾನೆ. ಒಂಥರಾ ರಸೀದಿ ಅನ್ನು. ಸ್ವೀಟಿನ ಕೆಳಗೆ ಅಡಗಿಸಿಟ್ಟ ಹಣವಲ್ಲ ಅದು. ಇನ್ನೂ ಸ್ವಲ್ಪ ಮೇಲೆ, 11 ಮತ್ತು 12ರಲ್ಲಿ, ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಇರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಚೀಟಿಗೆ ಅದು ಹಿಡಿಸಲಿಲ್ಲ ನೋಡು.

ಮತ್ತಾಯ 4ರಲ್ಲೂ ಇದೇ ಆಟ ನಡೆಯುತ್ತದೆ. ಬಾಯಿಪಾಠ ಸೈತಾನನಿಗೂ ಚೆನ್ನಾಗಿಯೇ ಇತ್ತು! ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ, ಧುಮುಕು ಅನ್ನುತ್ತಾ ಅವನು ಹೇಳಿದ್ದು 91ನೇ ಕೀರ್ತನೆಯ 11, 12ನೇ ವಚನ. ಅದರಲ್ಲೂ, ನೀನು ನಡೆಯುವ ದಾರಿಯಲ್ಲೆಲ್ಲ ದೇವದೂತರು ಕಾಯುತ್ತಾರೆ ಅಂತಿರುವಲ್ಲಿ ಆ ದಾರಿಯ ಮಾತನ್ನೇ ನುಂಗಿಬಿಟ್ಟ. ಮೇಲಿನಿಂದ ಧುಮುಕುವುದು ನಡೆಯುವ ದಾರಿಯಲ್ಲ, ಅಲ್ವಾ? 13ನೇ ವಚನಕ್ಕೆ ಹೋಗಲೇ ಇಲ್ಲ. ಅಲ್ಲಿ ಸರ್ಪವನ್ನು ತುಳಿಯುವ ಮಾತಿದೆ, ಅವನಿಗೆ ಅದು ಹೇಗೆ ಬೇಕು!

ಯೇಸುಸ್ವಾಮಿ ಕೊಟ್ಟ ಮೂರು ಉತ್ತರಗಳೂ ಹಳೇ ಒಡಂಬಡಿಕೆಯ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಇಸ್ರಾಯೇಲ್ಯರು 40 ವರ್ಷ ಅಡವಿಯಲ್ಲಿ ಹಸಿದದ್ದು, ಗೊಣಗಿದ್ದು, ದೇವರು ಕೊಟ್ಟ ಮನ್ನ ಎಂಬ ಆಹಾರ ತಿಂದದ್ದು ಎಲ್ಲ ಅಲ್ಲಿದೆ. ಸ್ವಾಮಿ ಅಲ್ಲೊಂದು ಇಲ್ಲೊಂದು ವಚನ ಹೆಕ್ಕಲಿಲ್ಲ. ಆ ಕಥೆಯೊಳಗೇ ನಿಂತು ಮಾತಾಡಿದರು. ನೀನು ಮತ್ತಾಯ 4 ಬಿಟ್ಟು ಒಂದು ತಿಂಗಳು ಧರ್ಮೋಪದೇಶಕಾಂಡ ಓದು. 16:19ಕ್ಕೆ ಬಂದಾಗ ನನ್ನನ್ನು ನೆನೆಸಿಕೊ. ಲಂಚ ಜ್ಞಾನಿಯ ಕಣ್ಣನ್ನೂ ಕುರುಡು ಮಾಡುತ್ತದೆ ಅಂತಿದೆ. ವಾಕ್ಯವನ್ನು ಮಂತ್ರದ ಹಾಗೆ ಊದಿದರೆ ಏನೂ ಆಗುವುದಿಲ್ಲ ತಮ್ಮಾ.

– ನಿವೃತ್ತ ಶಿಕ್ಷಕಿ, ಬೆಟಗೇರಿ

*

ಸಹೋದರರೇ, ನಾನು ಹದಿನೆಂಟು ವರ್ಷ ಸ್ಟೋರ್ಸ್‌ನಲ್ಲಿದ್ದವನು. ಕವರ್ ಮೇಜಿನ ಮೇಲೆ ಬಂದಮೇಲೆ ವಾಕ್ಯ ನೆನೆಸಿಕೊಂಡರೆ ತಡವಾಯಿತು ಅಂತಲೇ ಅರ್ಥ. ಪೋಟೀಫರನ ಮನೆಯಲ್ಲಿ ಯೋಸೇಫ ಏನು ಮಾಡಿದ? ಯಜಮಾನನ ಹೆಂಡತಿ ಹಾಸಿಗೆಗೆ ಕರೆದಾಗ ಎಷ್ಟೋ ದಿನ ಬಾಯಲ್ಲಿ ಬೇಡ ಅಂದ. ಕೊನೆಗೆ ಬಟ್ಟೆ ಬಿಟ್ಟು ಓಡಿದ. ಆದಿಕಾಂಡ 39:12. ಓಡಿಹೋಗುವುದೂ ವಾಕ್ಯದಲ್ಲೇ ಇರುವ ದಾರಿ.

ನಾನು ಮಾಡಿದ್ದನ್ನು ಹೇಳುತ್ತೇನೆ. ಸಪ್ಲೈಯರ್ ಬಂದರೆ ಕ್ಯಾಬಿನ್ ಬಾಗಿಲು ತೆರೆದೇ ಇಡುತ್ತಿದ್ದೆ. ಜೊತೆಗೆ ನಮ್ಮ ಸೆಕ್ಷನ್ನಿನ ಹುಡುಗನನ್ನು ಕೂರಿಸಿಕೊಳ್ಳುತ್ತಿದ್ದೆ. ಹಬ್ಬದ ಬಾಕ್ಸ್ ಏನೇ ಬಂದರೂ ಎಲ್ಲರೆದುರು ಬಿಚ್ಚಿ ಕ್ಯಾಂಟೀನಿಗೆ ಕಳಿಸುತ್ತಿದ್ದೆ. ಮೊದಲ ತಿಂಗಳು ಎಲ್ಲರೂ ನಕ್ಕರು.

ಅದಕ್ಕೂ ಮುಂಚೆ ತೆಗೆದುಕೊಂಡಿದ್ದೆ, ಮುಚ್ಚಿಡುವುದಿಲ್ಲ. ಒಬ್ಬರಿಗೆ 8,000 ವಾಪಸ್ ಕೊಡಲು ಹೋದೆ. ಕೈ ನಡುಗುತ್ತಿತ್ತು. ಅವರು ಕವರ್ ನೋಡಿ, "ಯಾಕ್ ಸಾರ್, ಕಮ್ಮಿ ಆಯ್ತಾ?" ಅಂದರು. ಅವತ್ತು ಆದ ನಾಚಿಕೆ ಯಾವ ಪ್ರಸಂಗ ಕೇಳಿದಾಗಲೂ ಆಗಿರಲಿಲ್ಲ. ಬೈಬಲ್ಲಿನ ಸುಂಕದವ ಜಕ್ಕಾಯ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ. ನನಗೆ ಅಷ್ಟು ಆಗಲಿಲ್ಲ, ತೆಗೆದುಕೊಂಡಷ್ಟನ್ನು ಕಂತಿನಲ್ಲಿ ಕೊಟ್ಟೆ.

ಇನ್ನೊಂದು ಮಾತು. ಸ್ವಲ್ಪ ದಿನ ಪಾಠ ಓದುವುದನ್ನು ಬೇರೆಯವರಿಗೆ ಬಿಡಿ. ಕಾರಣವನ್ನು ಸಭೆಯ ಪಾದ್ರಿ ಅಯ್ಯನವರಿಗೆ ನೀವೇ ಹೇಳಿ.

– ಹೊಸಪೇಟೆಯಿಂದ ಒಬ್ಬರು

*

ಪಾಠ ಬಿಡಿ ಅಂತ ಯಾರಾದರೂ ಬರೆದೇ ಬರೆಯುತ್ತಾರೆ ಅಂತ ಗೊತ್ತು. ನಾನು ಬಿಡಬೇಡಿ ಅನ್ನುತ್ತೇನೆ. ಓದುವಾಗ ಗಂಟಲು ಕಟ್ಟಿದರೆ ಕಟ್ಟಲಿ. ಮಂತ್ರದ ಹಾಗೆ ಹೇಳಬೇಡಿ ಅಂತಲೂ ಬೈಯುತ್ತಾರೆ. ನಾವು ಕಥೋಲಿಕರು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ನಮಗೆ ಹೊಸದಲ್ಲ. "ದೇವರೇ, ನನ್ನ ನೆರವಿಗೆ ಬಾ" ಅನ್ನುವ 70ನೇ ಕೀರ್ತನೆಯ ಮೊದಲ ಮಾತನ್ನು ಈಜಿಪ್ಟಿನ ಮರುಭೂಮಿಯ ಸಂನ್ಯಾಸಿಗಳು ಉಣ್ಣುವಾಗ, ಮಲಗುವಾಗ, ಕೆಟ್ಟ ಯೋಚನೆ ಬಂದಾಗ ಹೇಳುತ್ತಿದ್ದರು. ನನ್ನಮ್ಮ ಮೀನು ಹೆಚ್ಚುತ್ತಾ ಇದನ್ನೇ ಕೊಂಕಣಿಯಲ್ಲಿ ಹೇಳುತ್ತಿದ್ದರು. ಅಪ್ಪ ಕುಡಿದು ಬರುವ ಹೊತ್ತಿಗೆ ದನಿ ಸ್ವಲ್ಪ ಜೋರಾಗುತ್ತಿತ್ತು, ಅಷ್ಟೇ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೊದಲ ಭಾನುವಾರ ಪ್ರತಿ ವರ್ಷ ನಮ್ಮಲ್ಲಿ ಯೇಸುವಿನ ಶೋಧನೆಯ ಪಾಠವೇ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಇನ್ನೊಂದು ವರ್ಷ ಲೂಕ. ಮಾರ್ಕನಲ್ಲಿ ಆ ಪ್ರಸಂಗ ಎರಡೇ ವಚನ. ಯೇಸು ಒಂದು ಮಾತೂ ಆಡುವುದಿಲ್ಲ. ಕಾಡುಮೃಗಗಳ ಜೊತೆ ಇದ್ದರು, ದೂತರು ಉಪಚಾರ ಮಾಡಿದರು. ವಾಕ್ಯವೇ ನೆನಪಿಗೆ ಬರದ ದಿನ ನನಗೆ ಆ ಎರಡು ವಚನ ಸಾಕು. ಲೂಕನಲ್ಲಿ ಸೈತಾನ ತಕ್ಕ ಕಾಲ ಬರುವವರೆಗೆ ಬಿಟ್ಟುಹೋದ ಅಂತಿದೆ. ಅಂದರೆ ಮತ್ತೆ ಬರುತ್ತಾನೆ. ನಿಮಗೆ ಮಾತ್ರ ಅಲ್ಲ.

ನಮ್ಮಲ್ಲಿ ಪಾದ್ರಿಯ ಮುಂದೆ ತಪ್ಪು ಹೇಳಿಕೊಳ್ಳುವ ಪಾಪನಿವೇದನೆ ಇದೆ. ನಿಮ್ಮ ಸಭೆಯಲ್ಲಿ ಆ ಪದ್ಧತಿ ಇಲ್ಲದಿದ್ದರೂ ಯಾಕೋಬ 5:16 ನಿಮ್ಮ ಬೈಬಲ್ಲಿನಲ್ಲೂ ಇದೆಯಲ್ಲ, ಒಬ್ಬರಿಗೊಬ್ಬರು ತಪ್ಪು ಒಪ್ಪಿಕೊಳ್ಳಿ ಅಂತ. ಹೆಂಡತಿಗೆ ಹೇಳಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ.

– ಗೃಹಿಣಿ, ಉಡುಪಿ

*

ಚಿಕ್ಕದೊಂದು ಸೇರಿಸುತ್ತೇನೆ. 399ರಲ್ಲಿ ತೀರಿಕೊಂಡ ಎವಾಗ್ರಿಯುಸ್ ಎಂಬ ಮರುಭೂಮಿಯ ಸಂನ್ಯಾಸಿ ಶೋಧನೆಯ ಯೋಚನೆಗಳನ್ನು ಎಂಟು ಗುಂಪು ಮಾಡಿ, ಒಂದೊಂದು ಯೋಚನೆಗೆ ಎದುರಾಗಿ ಒಂದೊಂದು ವಚನ ಬರೆದಿಟ್ಟಿದ್ದಾರೆ. ಹಣದಾಸೆಯೂ ಅದರಲ್ಲೊಂದು ಗುಂಪು. ಅವರ ಪ್ರಕಾರ ಅದು ಆಸೆಯ ವೇಷದಲ್ಲಿ ಬರುವುದಿಲ್ಲ. ಮುಪ್ಪು ಬರುತ್ತದೆ, ಕಾಯಿಲೆ ಬರುತ್ತದೆ, ಇನ್ನೊಬ್ಬರ ಮುಂದೆ ಕೈಚಾಚಬೇಕಾಗುತ್ತದೆ ಎಂಬ ಹೆದರಿಕೆಯಾಗಿ ಬರುತ್ತದೆ. ತಂಗಿಯ ಫೀಸು ಅಂತ ಓದಿದಾಗ ನನಗೆ ಅದೇ ನೆನಪಾಯಿತು. ಅವರ ಪಟ್ಟಿಯಲ್ಲಿ ಎಲ್ಲ ವಚನವೂ ಸೈತಾನನಿಗೆ ಹೇಳುವಂಥದ್ದಲ್ಲ. ಕೆಲವು ದೇವರಿಗೆ, ಕೆಲವು ನಮ್ಮ ಪ್ರಾಣಕ್ಕೇ. ನೀವು ಬರೀ ಸೈತಾನನ ಜೊತೆ ಮಾತಾಡುತ್ತಿದ್ದೀರಿ ಅನಿಸಿತು.

– ದೇವಶಾಸ್ತ್ರದ ವಿದ್ಯಾರ್ಥಿ, ಬೆಂಗಳೂರು

*

ಸಾರ್, ನಾನು ಆ ಕಡೆಯವನು. ಕವರ್ ಕೊಡುವವನು. ನಾನೂ ಸಭೆಗೆ ಹೋಗುವವನೇ. ನಾಲ್ಕು ಲೇತ್ ಇರುವ ಸಣ್ಣ ವರ್ಕ್‌ಶಾಪು. ನಿಮಗೆ ಕೊಡುವ ಹಣ ಎಲ್ಲಿಂದ ಬರುತ್ತದೆ ಅಂತ ಯಾರೂ ಬರೆಯುವುದಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಸ್ವಲ್ಪ ರೇಟಿನಲ್ಲಿ ಸೇರಿಸುತ್ತೇವೆ. ಸೇರಿಸಲು ಆಗದಿದ್ದರೆ ಹುಡುಗರ ಓಟಿ ಮುಂದಕ್ಕೆ ಹಾಕುತ್ತೇವೆ. ಹೋದ ವರ್ಷ ಹಬ್ಬಕ್ಕೆ ಹುಡುಗನೊಬ್ಬ ಊರಿಗೆ ಹೋಗಲು ಎರಡು ಸಾವಿರ ಅಡ್ವಾನ್ಸ್ ಕೇಳಿದ. ಇಲ್ಲ ಅಂದೆ. ಅವತ್ತೇ ನನ್ನ ಬ್ಯಾಗಿನಲ್ಲಿ ಮೂರು ಕವರ್ ಇದ್ದವು. ಕವರಿನ ಮೇಲೆ ನಾನು ಪೆನ್ಸಿಲಿನಲ್ಲಿ ಹೆಸರು ಬರೆದುಕೊಳ್ಳುತ್ತೇನೆ, ಕೊಡುವ ಮುಂಚೆ ಅಳಿಸುತ್ತೇನೆ.

ನಿಮ್ಮ ಪತ್ರ ಓದಿದ ಮೇಲೆ ಒಂದು ಕಡೆ ಬರೀ ಸ್ವೀಟ್ ಬಾಕ್ಸ್ ಕೊಟ್ಟು ಬಂದೆ. ಅವರು ಬಾಕ್ಸನ್ನು ಒಂದು ಸಲ ಎತ್ತಿ ತೂಕ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಥ್ಯಾಂಕ್ಸ್ ಅಂದರು. ಆರ್ಡರ್ ಇನ್ನೂ ಬಂದಿಲ್ಲ.

– ಹೆಸರು ಬೇಡ, ಬೆಂಗಳೂರು