ಇಲಿಯಲ್ಲಿ ಇಳಿದ ಕೊಲೆಸ್ಟ್ರಾಲ್ ನಮ್ಮ ನಾಯಿಯಲ್ಲೂ ಇಳಿಯುತ್ತದೆಯೇ?

ತುಂಗಾತೀರ (ತೀರ್ಥಹಳ್ಳಿ)
ನಮ್ಮ ಲ್ಯಾಬ್ರಡಾರ್ ನಾಯಿಗೆ ಒಂಬತ್ತು ವರ್ಷ. ತಿನ್ನುವುದು ಹೆಚ್ಚಾಗಿಲ್ಲ, ಆದರೂ ಈಚೆಗೆ ಮೈ ಬಂದಿದೆ. ಕರೆದರೂ ತೋಟಕ್ಕೆ ಬರುವುದಿಲ್ಲ, ಬಚ್ಚಲ ಒಲೆಯ ಬುಡ ಬಿಟ್ಟು ಏಳುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ 420 ಬಂದಿದೆ. ಪಕ್ಕದ ಮನೆಯ ಹಿರಿಯರು ಮರದರಿಶಿನ ಬಳ್ಳಿಯ ಕಷಾಯ ಕುಡಿಸಿ, ಅನ್ನಕ್ಕೆ ಬೆಳ್ಳುಳ್ಳಿ ಅರೆದು ಕಲಸಿ ಕೊಡಿ ಎನ್ನುತ್ತಾರೆ. ಗಿಡದ ಸಾರ ಕೊಟ್ಟಾಗ ಇಲಿಗಳ ಕೊಲೆಸ್ಟ್ರಾಲ್ ಇಳಿಯಿತು ಎಂಬ ಪ್ರಬಂಧಗಳು ರಾಶಿ ಸಿಗುತ್ತವೆ. ಪ್ರಾಣಿಗಳ ಮೇಲೆ ಸಾಬೀತಾಗಿದೆ ಎಂದ ಮೇಲೆ ಪ್ರಾಣಿಗೆ ಕೊಡಲು ಅಡ್ಡಿ ಏನು? ನಮ್ಮ ಮಾವನವರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬಿಟ್ಟು ಅದೇ ಕಷಾಯ ಕುಡಿಯುತ್ತೇನೆ ಎನ್ನುತ್ತಿದ್ದಾರೆ. ತಿಳಿದವರು ಹೇಳಬೇಕು.

ಅಡಿಕೆ ತೋಟ (ಹೊಸನಗರ)
ಧೈರ್ಯವಾಗಿ ಕೊಡಿ. ಮರದರಿಶಿನದ ಕಾಂಡಕ್ಕೆ ಆ ಹಳದಿ ಬಣ್ಣ ಬರುವುದು ಬರ್ಬರಿನ್ ಎಂಬ ವಸ್ತುವಿನಿಂದ. 2004ರಲ್ಲಿ ಚೀನಾದ ಸಂಶೋಧಕರು ಅದನ್ನು ಹ್ಯಾಮ್‌ಸ್ಟರ್‌ಗಳಿಗೂ ಕೊಟ್ಟರು, ರೋಗಿಗಳಿಗೂ ಕೊಟ್ಟರು. ಮೂರು ತಿಂಗಳಲ್ಲಿ ರೋಗಿಗಳ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಶೇಕಡಾ 25ರಷ್ಟು ಇಳಿಯಿತು. ಇನ್ನು ನಮ್ಮ ಉಪ್ಪಾಗೆ ಹಣ್ಣಿನ ಸಿಪ್ಪೆಯ ಹುಳಿಯಲ್ಲಿರುವ ಆಮ್ಲ, ಯಕೃತ್ತು ಕೊಬ್ಬನ್ನೂ ಕೊಲೆಸ್ಟ್ರಾಲನ್ನೂ ತಯಾರಿಸಲು ಬೇಕಾದ ಒಂದು ಕಿಣ್ವವನ್ನೇ ತಡೆಯುತ್ತದೆ. ಮಳೆಗಾಲದಲ್ಲಿ ನಾವು ಒಲೆಯ ಮೇಲೆ ಒಣಗಿಸಿ ಮಾರಿದ ಸಿಪ್ಪೆ, ಪರದೇಶದಲ್ಲಿ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ದುಬಾರಿ ಬೆಲೆಗೆ ಮಾರಾಟವಾಗುತ್ತದೆ. ಅವರಿಗೆ ಔಷಧ, ನಮಗೆ ಮೂಢನಂಬಿಕೆಯೇ?

ಮದ್ದಿನ ಮನೆ (ಶಿವಮೊಗ್ಗ)
ಫಾರ್ಮಸಿ ಸ್ನಾತಕೋತ್ತರ ಓದುವಾಗ ಇಂಥ ಪ್ರಯೋಗಗಳಲ್ಲಿ ನಾನೂ ಕೆಲಸ ಮಾಡಿದ್ದೇನೆ. ಅಲ್ಲಿ ನಡೆಯುವುದನ್ನು ಹೇಳುತ್ತೇನೆ.

ಇಲಿಗೆ ಕೊಲೆಸ್ಟ್ರಾಲ್ ಹೆಚ್ಚಿಸುವುದೇ ಕಷ್ಟ. ಅದಕ್ಕೆ ಪಿತ್ತಕೋಶವಿಲ್ಲ. ಅದರ ರಕ್ತದ ಕೊಲೆಸ್ಟ್ರಾಲ್‌ನಲ್ಲಿ ಹೆಚ್ಚಿನ ಪಾಲು ‘ಒಳ್ಳೆಯದು’ ಎನ್ನುವ ಎಚ್‌ಡಿಎಲ್. ಮನುಷ್ಯರಲ್ಲಿ ಹೆಚ್ಚಿನ ಪಾಲು ಎಲ್‌ಡಿಎಲ್. ಆದ್ದರಿಂದ ಆಹಾರಕ್ಕೆ ಕೊಲೆಸ್ಟ್ರಾಲ್ ಪುಡಿ ಮತ್ತು ಪಿತ್ತಾಮ್ಲ ಬೆರೆಸಿ ವಾರಗಟ್ಟಲೆ ತಿನ್ನಿಸುತ್ತಾರೆ. ಅಷ್ಟು ಸಮಯವಿಲ್ಲದವರು ಟ್ರೈಟಾನ್ ಎಂಬ ಮಾರ್ಜಕವನ್ನು ಚುಚ್ಚುತ್ತಾರೆ. ಅದು ರಕ್ತದಿಂದ ಕೊಬ್ಬು ಖಾಲಿಯಾಗುವ ದಾರಿಯನ್ನೇ ಕಟ್ಟಿಹಾಕುವುದರಿಂದ ಒಂದು ದಿನದೊಳಗೆ ಅಂಕಿ ಏರುತ್ತದೆ. ಹಾಗೆ ಏರಿದ್ದು ಸಾರ ಕೊಟ್ಟ ಗುಂಪಿನಲ್ಲಿ ಸ್ವಲ್ಪ ಕಡಿಮೆ ಕಂಡರೆ ‘ಕೊಲೆಸ್ಟ್ರಾಲ್ ಇಳಿಸುವ ಗುಣವಿದೆ’ ಎಂದು ಬರೆದು ಪ್ರಬಂಧ ಮುಗಿಸುತ್ತಾರೆ. ವರ್ಷಗಟ್ಟಲೆ ಊಟ, ವಯಸ್ಸು, ವಂಶದಿಂದ ಏರಿದ ಕೊಲೆಸ್ಟ್ರಾಲ್‌ಗೂ ಇದಕ್ಕೂ ಬಹಳ ದೂರ.

ಪ್ರಮಾಣವನ್ನೂ ನೋಡಿ. ಇಲಿಯ ಮೈತೂಕದ ಪ್ರತಿ ಕಿಲೋಗೆ 400 ಮಿಲಿಗ್ರಾಂ ಸಾರ ಕೊಡುವುದು ಸಾಮಾನ್ಯ. ಮನುಷ್ಯರಿಗೆ ಹೊಂದಿಸಲು ಅದನ್ನು 6.2ರಿಂದ ಭಾಗಿಸುವುದು ರೂಢಿ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 3.9 ಗ್ರಾಂ ಸಾರ ಬೇಕಾಯಿತು. ಹತ್ತು ಪಾಲು ಒಣಪುಡಿಯಿಂದ ಒಂದು ಪಾಲು ಸಾರ ಬರುತ್ತದೆ ಎಂದುಕೊಂಡರೂ ದಿನಕ್ಕೆ 39 ಗ್ರಾಂ ಪುಡಿ. ಅದೂ ಮದ್ಯಸಾರದಲ್ಲಿ ತೆಗೆದ ಸಾರ. ನೀರಿನಲ್ಲಿ ಕುದಿಸಿದ ಕಷಾಯಕ್ಕೆ ಅದೇ ವಸ್ತುಗಳು ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದಾಗ ಅದು ಇಲಿಗಳಲ್ಲಿ ಕೆಲಸವನ್ನೇ ಮಾಡಲಿಲ್ಲ. ಮೊಟ್ಟೆಯಿಡುವ ಕೋಳಿಗಳಲ್ಲಿ, ಆಮೇಲೆ ನಾಯಿ ಮತ್ತು ಕೋತಿಗಳಲ್ಲಿ ಕೊಲೆಸ್ಟ್ರಾಲ್ ಸ್ಪಷ್ಟವಾಗಿ ಇಳಿಯಿತು. ‘ಪ್ರಾಣಿಗಳಲ್ಲಿ ಸಾಬೀತಾಗಿದೆ’ ಎಂದ ಕೂಡಲೇ ಯಾವ ಪ್ರಾಣಿಯಲ್ಲಿ ಎಂದು ನಾನು ಕೇಳುವುದು ಇದಕ್ಕಾಗಿಯೇ.

ಅಡಿಕೆ ತೋಟ (ಹೊಸನಗರ)
ನೀವು ಹೇಳಿದ ಕಥೆ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ಸ್ಟ್ಯಾಟಿನ್ ಹುಟ್ಟಿದ್ದೂ ಬೂಷ್ಟಿನ ಸಾರದಲ್ಲಿ. ಇಲಿಯಲ್ಲಿ ಸೋತರೂ ಎಂಡೊ ಅದನ್ನು ಬಿಡಲಿಲ್ಲ. ಇಲಿಯಲ್ಲಿ ಗೆದ್ದ ನಮ್ಮ ಗಿಡಗಳನ್ನು ನೀವು ಏಕೆ ಬಿಡುತ್ತೀರಿ? ಗಿಡದ ಅಂಟಾದ ಗುಗ್ಗುಳವನ್ನೇ ನೋಡಿ. ಸುಶ್ರುತ ಸಂಹಿತೆಯ ಮಾತನ್ನು ಹಿಡಿದು ಜಿ.ವಿ. ಸತ್ಯವತಿಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ 1966ರಲ್ಲಿ ಪ್ರಬಂಧ ಬರೆದರು. ಮುಂದೆ ನಮ್ಮ ದೇಶದ ರೋಗಿಗಳಲ್ಲೂ ಇಳಿಯಿತು, 1980ರ ದಶಕದಲ್ಲಿ ಔಷಧವಾಗಿ ಮಾರುಕಟ್ಟೆಗೂ ಬಂತು.

ಮದ್ದಿನ ಮನೆ (ಶಿವಮೊಗ್ಗ)
ಸತ್ಯವತಿಯವರ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ, ಏಕೆಂದರೆ ಆ ದಾರಿ ಮೊಲದ ಹತ್ತಿರವೇ ನಿಲ್ಲಲಿಲ್ಲ. ಮುಂದಿನದನ್ನೂ ಹೇಳಿ. 2003ರಲ್ಲಿ ಅಮೆರಿಕದಲ್ಲಿ 103 ಜನರಿಗೆ ಎಂಟು ವಾರ ಗುಗ್ಗುಳ ಕೊಟ್ಟು ನೋಡಿದಾಗ ಎಲ್‌ಡಿಎಲ್ ಇಳಿಯುವ ಬದಲು ಶೇಕಡಾ 4–5ರಷ್ಟು ಏರಿತು, ಕೆಲವರ ಮೈಮೇಲೆ ದದ್ದು ಎದ್ದಿತು. ಉಪ್ಪಾಗೆಯದೂ ಅದೇ ಪಾಡು: 1998ರಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದಾಗ ತೂಕ ಇಳಿಸುವುದರಲ್ಲಿ ಔಷಧವಿಲ್ಲದ ಸಪ್ಪೆ ಮಾತ್ರೆಗಿಂತ ಅದು ಮೇಲಾಗಲಿಲ್ಲ. ಆ ಕ್ಯಾಪ್ಸೂಲ್ ನುಂಗಿ ಯಕೃತ್ತು ಕೆಟ್ಟವರ ವರದಿಗಳೂ ಇವೆ. ಸಾರಿಗೆ ಹಾಕುವ ಹುಳಿಯ ಬಗ್ಗೆ ನನ್ನ ತಕರಾರಿಲ್ಲ. ಸಾಂದ್ರೀಕರಿಸಿದ ಸಾರದ ಬಗ್ಗೆ ಇದೆ.

ಅಡಿಕೆ ತೋಟ (ಹೊಸನಗರ)
ಅಮೆರಿಕದವರ ಊಟ ಬೇರೆ, ಮೈ ಬೇರೆ. ನಮ್ಮವರಲ್ಲಿ ಇಳಿದದ್ದು ಸುಳ್ಳಾಗುವುದಿಲ್ಲ.

ಮದ್ದಿನ ಮನೆ (ಶಿವಮೊಗ್ಗ)
ಇಬ್ಬರು ಮನುಷ್ಯರ ನಡುವೆಯೇ ಅಷ್ಟು ಅಂತರವಿದೆ ಎಂದು ನೀವೇ ಒಪ್ಪುವಾಗ, ಇಲಿಗೂ ಮಾವನವರಿಗೂ ಇರುವ ಅಂತರವನ್ನು ಏಕೆ ಒಪ್ಪುವುದಿಲ್ಲ?

ಪಶುವೈದ್ಯ (ಸಾಗರ)
ನಾಯಿಯ ವಿಷಯ ಬಿಟ್ಟೇ ಹೋಯಿತು. ತುಂಗಾತೀರ ಅವರೇ, ಬೆಳ್ಳುಳ್ಳಿ ಕೊಡಲೇಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ದಿನವೂ ಕೊಟ್ಟರೆ ರಕ್ತಹೀನತೆ ಬರುತ್ತದೆ. ಬೆಳ್ಳುಳ್ಳಿಯಿಂದ ಇಲಿಯ ಕೊಲೆಸ್ಟ್ರಾಲ್ ಇಳಿಯುತ್ತದೆ ಎಂಬ ಪ್ರಬಂಧವನ್ನು ನಂಬಿ ನಾಯಿಗೆ ಕೊಟ್ಟರೆ ಆಗುವುದು ಇದು.

ಎರಡನೆಯದು, ನಾಯಿಗೆ ನಮ್ಮ ಹಾಗೆ ಕೊಲೆಸ್ಟ್ರಾಲ್‌ನಿಂದ ಹೃದಯದ ರಕ್ತನಾಳ ಕಟ್ಟಿಕೊಳ್ಳುವುದು ತೀರಾ ಅಪರೂಪ. ನಾಯಿಯಲ್ಲಿ ಆ ಅಂಕಿ ಏರಿದರೆ ಬೇರೆ ಯಾವ ಕಾಯಿಲೆ ಏರಿಸಿತು ಎಂದು ನಾವು ಹುಡುಕುತ್ತೇವೆ. ಹೆಚ್ಚು ತಿನ್ನದೆ ಮೈ ಬರುವುದು, ಮಂಕು, ಬಿಸಿಯ ಜಾಗ ಹುಡುಕುವುದು: ನೀವು ಬರೆದದ್ದನ್ನು ಓದಿದ ಕೂಡಲೇ ನನಗೆ ಹೊಳೆದದ್ದು ಥೈರಾಯ್ಡ್ ಕೊರತೆ. ಎರಡೂ ಪಕ್ಕೆಯಲ್ಲಿ ಕೂದಲು ತೆಳುವಾಗಿದೆಯೇ, ಬಾಲದ ಕೂದಲು ಉದುರಿದೆಯೇ ನೋಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ, ಕಾರ್ಟಿಸಾಲ್ ಹಾರ್ಮೋನು ಹೆಚ್ಚಾಗುವ ಕುಶಿಂಗ್ ರೋಗದಲ್ಲೂ ಕೊಲೆಸ್ಟ್ರಾಲ್ ಏರುತ್ತದೆ. ಥೈರಾಯ್ಡ್ ಕೊರತೆಯೇ ಆಗಿದ್ದರೆ ಅದರ ಮಾತ್ರೆ ಕೊಟ್ಟಾಗ ಕೊಲೆಸ್ಟ್ರಾಲ್ ತಾನಾಗಿ ಇಳಿಯುತ್ತದೆ. ಕಷಾಯದಿಂದ ಅಂಕಿ ಸ್ವಲ್ಪ ಇಳಿದರೂ ಕಾಯಿಲೆ ಒಳಗೇ ಉಳಿಯುತ್ತದೆ. ನನ್ನ ಭಯ ಇರುವುದು ಅಲ್ಲಿ.

ಕಾನುಮನೆ (ಸೊರಬ)
ಮರದರಿಶಿನದ ಬಗ್ಗೆ ನಾನು ಹೇಳಲೇಬೇಕು. ಅದು ಕಾನಿನ ಬಳ್ಳಿ, ಬಹಳ ನಿಧಾನವಾಗಿ ಬೆಳೆಯುತ್ತದೆ. ಗಂಡು ಬಳ್ಳಿ ಬೇರೆ, ಹೆಣ್ಣು ಬಳ್ಳಿ ಬೇರೆ. ಸುತ್ತಲಿನ ಗಂಡು ಬಳ್ಳಿಯನ್ನು ಕಡಿದರೆ ಹೆಣ್ಣು ಬಳ್ಳಿ ಕಾಯಿ ಕಟ್ಟುವುದಿಲ್ಲ. ಔಷಧಕ್ಕೆ ಬಳಸುವುದು ಎಲೆಯನ್ನಲ್ಲ, ಕಾಂಡವನ್ನು. ಅಂದರೆ ಬುಡಕ್ಕೇ ಕತ್ತಿ. ‘ಕೊಲೆಸ್ಟ್ರಾಲ್‌ಗೆ ರಾಮಬಾಣ’ ಎಂಬ ಒಂದು ಮಾತು ಹರಡಿದರೆ ಉಳಿದಿರುವುದೂ ಮೂಟೆಯಲ್ಲಿ ಹೋಗುತ್ತದೆ.

ಅಡಿಕೆ ತೋಟದವರೇ, ಹಿರಿಯರ ಜ್ಞಾನ ಎನ್ನುತ್ತೀರಿ. ನಮ್ಮ ಹಿರಿಯರು ಅದನ್ನು ಗಾಯಕ್ಕೆ, ಕಣ್ಣುಬೇನೆಗೆ, ಕಾಮಾಲೆಗೆ ಬಳಸಿದರು. ರಕ್ತದ ಕೊಲೆಸ್ಟ್ರಾಲ್ ಅಳೆಯುವ ಸಾಧನ ಅವರ ಬಳಿ ಇರಲಿಲ್ಲ. ಈ ಹೊಸ ಬಳಕೆ ಪ್ರಯೋಗಾಲಯದಿಂದ ಬಂದದ್ದು, ಆದ್ದರಿಂದ ಅದಕ್ಕೆ ಪ್ರಯೋಗಾಲಯದ ಪುರಾವೆಯನ್ನೇ ಕೇಳಬೇಕು. ಇನ್ನೊಂದು ಮಾತು: ಎಲೆ ಬದಲಾಯಿಸಿ, ಊರು ಬದಲಾಯಿಸಿ, ಅದೇ ಟ್ರೈಟಾನ್ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಇಲಿಗಳನ್ನು ಕೊಲ್ಲುವುದು ನನಗೆ ಸಹಿಸಲಾಗದ ಸಂಗತಿ. ನೈತಿಕ ಸಮಿತಿಯ ಒಪ್ಪಿಗೆ ಇದ್ದ ಮಾತ್ರಕ್ಕೆ ಆ ಜೀವಗಳು ವ್ಯರ್ಥವಾಗಲಿಲ್ಲ ಎಂದಾಗುವುದಿಲ್ಲ.

ಅಡಿಕೆ ತೋಟ (ಹೊಸನಗರ)
ಬಳ್ಳಿ ಕಡಿಯಬಾರದು ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆ. ತೋಟದಲ್ಲಿ ನೆಟ್ಟು ಬೆಳೆಸೋಣ. ಆದರೆ ಮನುಷ್ಯರ ಮೇಲೆ ಪರೀಕ್ಷೆಯಾಗಲಿ ಎಂದು ಕಾಯುತ್ತಾ ಕುಳಿತರೆ, ಹೂಡಲು ಹಣವಿರುವ ಕಂಪನಿಗಳು ಮಾತ್ರ ಪರೀಕ್ಷಿಸುತ್ತವೆ. ಪೇಟೆಂಟ್ ಸಿಗದ ಗಿಡದ ಮೇಲೆ ಯಾರು ಹಣ ಹಾಕುತ್ತಾರೆ?

ಮದ್ದಿನ ಮನೆ (ಶಿವಮೊಗ್ಗ)
ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ, ಮತ್ತು ನೀವು ಕೇಳುವುದು ನ್ಯಾಯ. ಅಂಥ ಹಣವನ್ನು ಸರ್ಕಾರವೇ ಕೊಡಬೇಕು; ಇನ್ನೊಂದು ಇಲಿಯ ಪ್ರಬಂಧಕ್ಕಲ್ಲ, ಜನರ ಮೇಲೆ ಸರಿಯಾಗಿ ನಡೆಸುವ ಒಂದು ಪರೀಕ್ಷೆಗೆ.

ತುಂಗಾತೀರ ಅವರೇ, ಮಾವನವರು ಮಾತ್ರೆ ನಿಲ್ಲಿಸುವುದು ಬೇಡ. ಮಾತ್ರೆಯ ಜೊತೆಗೆ ಕಷಾಯ ಕುಡಿಯುವುದೂ ಬೇಡ: ಕೆಲವು ಸ್ಟ್ಯಾಟಿನ್‌ಗಳನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಬರ್ಬರಿನ್ ತಡೆಯುತ್ತದೆ, ಆಗ ಮಾತ್ರೆಯ ಅಂಶ ರಕ್ತದಲ್ಲಿ ಹೆಚ್ಚಾಗಬಹುದು. ಕುಡಿಯಲೇಬೇಕೆಂದರೆ ಮೊದಲು ವೈದ್ಯರಿಗೆ ತಿಳಿಸಲಿ.

ತುಂಗಾತೀರ (ತೀರ್ಥಹಳ್ಳಿ)
ಈಗಷ್ಟೇ ನೋಡಿದೆ, ಬಾಲದ ತುದಿಯ ಕೂದಲು ತೆಳುವಾಗಿದೆ. ಬೆಳ್ಳುಳ್ಳಿ ಕೊಟ್ಟಿಲ್ಲ. ಥೈರಾಯ್ಡ್ ಪರೀಕ್ಷೆಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯುತ್ತೇನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ಪಶುವೈದ್ಯ (ಸಾಗರ)
ಹೌದು, 12 ಗಂಟೆ ಊಟ ಬೇಡ, ನೀರು ಕೊಡಿ. ಥೈರಾಯ್ಡ್ ಕೆಲಸ ತೋರಿಸುವ ಪರೀಕ್ಷೆಗಳಾದ ಟಿ4 ಮತ್ತು ಟಿಎಸ್‌ಎಚ್ ಎರಡನ್ನೂ ಮಾಡಿಸಿ. ಹಳೆಯ ವರದಿಯನ್ನು ಮರೆಯದೆ ಒಯ್ಯಿರಿ. ಅಂದು ಊಟವಾದ ಮೇಲೆ ರಕ್ತ ತೆಗೆದಿದ್ದರೆ ಅದನ್ನೂ ಹೇಳಿ.