ಸೂಚ್ಯಂಕ ಏರಿದ ದಿನವೇ ಹೆಚ್ಚು ಷೇರುಗಳು ಇಳಿದಿದ್ದರೆ ಅದನ್ನು ಹೇಗೆ ಓದಬೇಕು?

ಪ್ರಶ್ನೆ (ಡೊಂಬಿವಲಿ)
ನಮಸ್ಕಾರ. 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿಯನ್ನು ಅನುಸರಿಸುವ ಇಂಡೆಕ್ಸ್ ಫಂಡಿನಲ್ಲಿ ತಿಂಗಳ ಎಸ್‌ಐಪಿ (ನಿಗದಿತ ಹೂಡಿಕೆಯ ಕಂತು) ಕಟ್ಟುತ್ತಿದ್ದೇನೆ. ಪೇಟೆ ಮುಗಿದ ಮೇಲೆ ನೋಡಿದರೆ, ನಿಫ್ಟಿ ಏರಿದ್ದರೂ ಮುಂಬೈ ಷೇರುಪೇಟೆ ಬಿಎಸ್‌ಇಯಲ್ಲಿ ಇಳಿದ ಷೇರುಗಳ ಸಂಖ್ಯೆಯೇ ಹೆಚ್ಚಿರುವ ದಿನಗಳು ಆಗಾಗ ಕಾಣುತ್ತವೆ. ಇದನ್ನು ಕುಸಿತದ ಮುನ್ಸೂಚನೆಯೆಂದು ಭಾವಿಸಿ ಕಂತು ನಿಲ್ಲಿಸಬೇಕೇ?

ಉತ್ತರ (ಮಾಟುಂಗಾ)
ನಿಫ್ಟಿಯಲ್ಲಿ ಪ್ರತಿ ಕಂಪನಿಯ ತೂಕವನ್ನು ನಿರ್ಧರಿಸುವುದು ಸಾರ್ವಜನಿಕರ ಕೈಯಲ್ಲಿರುವ ಷೇರುಗಳ ಮಾರುಕಟ್ಟೆ ಮೌಲ್ಯ. ಮೂರು ದೊಡ್ಡ ಷೇರುಗಳ ಒಟ್ಟು ತೂಕ ಶೇ 30 ಎಂದಿಟ್ಟುಕೊಳ್ಳಿ. ಅವು ಶೇ 2ರಷ್ಟು ಏರಿ, ಉಳಿದ 47 ಷೇರುಗಳು ತಲಾ ಶೇ 0.5ರಷ್ಟು ಇಳಿದರೂ ಸೂಚ್ಯಂಕ ಶೇ 0.25ರಷ್ಟು ಮೇಲೆಯೇ ಇರುತ್ತದೆ. ಏರಿಕೆ-ಇಳಿಕೆಯ ಎಣಿಕೆಯಲ್ಲಾದರೋ ಎಲ್ಲ ಷೇರುಗಳಿಗೂ ಒಂದೊಂದೇ ಮತ. ಬಿಎಸ್‌ಇಯ ಎಣಿಕೆಯಲ್ಲಿ ವಹಿವಾಟೇ ಅಪರೂಪವಾದ ಸಾವಿರಾರು ಸಣ್ಣ ಷೇರುಗಳೂ ಸೇರಿರುವುದರಿಂದ ಅದನ್ನು ನಿಫ್ಟಿಯ ಪಕ್ಕದಲ್ಲಿಟ್ಟು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಅದರ ಬದಲು, 500 ಕಂಪನಿಗಳ ಸೂಚ್ಯಂಕವಾದ ನಿಫ್ಟಿ 500ರ ಷೇರುಗಳನ್ನಷ್ಟೇ ಎಣಿಸಿ.

ಉತ್ತರ (ಪುಣೆ)
ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಒಂದು ದಿನದ ಎಣಿಕೆಗಿಂತ, ತಮ್ಮ ಹಿಂದಿನ 200 ದಿನಗಳ ಸರಾಸರಿ ಬೆಲೆಗಿಂತ ಮೇಲಿರುವ ಷೇರುಗಳ ಪ್ರಮಾಣವೇ ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ. ಹಳೆಯ ವರ್ಷಗಳಿಗೆ ಇದನ್ನು ಲೆಕ್ಕ ಹಾಕುವವರು ಬೋನಸ್ (ಉಚಿತ ಹೆಚ್ಚುವರಿ ಷೇರು) ಮತ್ತು ಷೇರು ವಿಭಜನೆಗೆ ತಕ್ಕಂತೆ ಬೆಲೆಗಳನ್ನು ಹೊಂದಿಸಿಕೊಳ್ಳಲೇಬೇಕು. ಜೊತೆಗೆ ಆಯಾ ಕಾಲದ ನಿಫ್ಟಿ 500 ಪಟ್ಟಿಯನ್ನೇ ಬಳಸಬೇಕು. ಇಂದಿನ 500 ಕಂಪನಿಗಳನ್ನು ಹಿಂದಕ್ಕೆ ಒಯ್ದರೆ ನಡುವೆ ಸೊರಗಿ ಪಟ್ಟಿಯಿಂದ ಹೊರಬಿದ್ದವು ಲೆಕ್ಕಕ್ಕೇ ಸಿಗದೆ, ಹಿಂದಿನ ಪೇಟೆ ಇದ್ದುದಕ್ಕಿಂತ ಆರೋಗ್ಯವಾಗಿ ಕಾಣುತ್ತದೆ.

ಪ್ರಶ್ನೆ ಕೇಳಿದವರು
ಹಾಗಾದರೆ ಈ ಪ್ರಮಾಣ ಕುಗ್ಗತೊಡಗಿದರೆ ಸೂಚ್ಯಂಕ ಎಷ್ಟು ದಿನಗಳಲ್ಲಿ ಇಳಿಯಬಹುದು?

ಉತ್ತರ (ಮಡಗಾಂವ್)
ಆ ಗಡುವನ್ನು ಈ ಅಂಕಿಗಳಿಂದ ಹೇಳಲಾಗದು. 2018ರ ಜನವರಿಯಲ್ಲಿ ಸ್ಮಾಲ್‌ಕ್ಯಾಪ್ (ಸಣ್ಣ ಕಂಪನಿಗಳ) ಸೂಚ್ಯಂಕ ಶಿಖರ ಮುಟ್ಟಿ ಇಳಿಯತೊಡಗಿದರೂ ನಿಫ್ಟಿ ಆಗಸ್ಟ್ ಕೊನೆಯಲ್ಲಿ ಹೊಸ ದಾಖಲೆ ಬರೆಯಿತು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಅದೂ ಜೋರಾಗಿಯೇ ಬಿದ್ದಿತು, ನಿಜ. ಆದರೆ 2019ರಲ್ಲಿ ನಿಫ್ಟಿ ಮತ್ತೆ ಹೊಸ ಎತ್ತರಕ್ಕೇರಿದಾಗಲೂ ಸ್ಮಾಲ್‌ಕ್ಯಾಪ್ ತನ್ನ ಹಳೆಯ ಶಿಖರದ ಹತ್ತಿರಕ್ಕೂ ಬಂದಿರಲಿಲ್ಲ. ಏರಿಕೆಯ ಭಾರವನ್ನು ಎಷ್ಟು ಷೇರುಗಳು ಹೊತ್ತಿವೆ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆಯೇ ಹೊರತು, ಅವು ಯಾವಾಗ ಸೋಲುತ್ತವೆ ಎಂಬುದನ್ನಲ್ಲ. ಆದ್ದರಿಂದ ದೀರ್ಘಾವಧಿಯ ಕಂತನ್ನು ದಯವಿಟ್ಟು ಇದರ ಆಧಾರದ ಮೇಲೆ ನಿಲ್ಲಿಸಬೇಡಿ. ನಿಮ್ಮ ಬಳಿ ಬಿಡಿ ಸ್ಮಾಲ್‌ಕ್ಯಾಪ್ ಷೇರುಗಳೂ ಇದ್ದರೆ, ನಿಫ್ಟಿಯ ಏರಿಕೆಯನ್ನು ನೋಡಿ ಅವುಗಳ ವಿಷಯದಲ್ಲಿ ನಿಶ್ಚಿಂತರಾಗದಿರಲು ಈ ಲೆಕ್ಕ ಖಂಡಿತ ಉಪಯೋಗಕ್ಕೆ ಬರುತ್ತದೆ.