ಅಪ್‌ಡೇಟ್: ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹೈಸ್ಕೂಲ್ ಡಿಪ್ಲೊಮಾಗೆ ಎಂಸಿಎಎಸ್ ಪಾಸಾಗಲೇಬೇಕಾ?

ಎಸ್ಸೆಸ್ಸೆಲ್ಸಿ ಮುಗಿಸಿ ಅಲ್ಲಿ 11ನೇ ಗ್ರೇಡ್‌ಗೆ ಸೇರುವವರಿಗೆ ಎಂಸಿಎಎಸ್ ಅನ್ನೋ ಆ ರಾಜ್ಯದ ಪರೀಕ್ಷೆ, ಹೈಸ್ಕೂಲ್ ಮುಗಿಸಿದ್ದಕ್ಕೆ ಕೊಡುವ ಡಿಪ್ಲೊಮಾಗೆ ಅಡ್ಡಿಯಾಗುತ್ತಾ ಅಂತ ಕೇಳಿದ್ದೆ. ಇಲ್ಲ. 2024ರ ನವೆಂಬರ್‌ನಲ್ಲಿ ಮತದಾರರೇ ಅದನ್ನು ಪಾಸಾಗಬೇಕೆಂಬ ಷರತ್ತು ತೆಗೆದುಹಾಕಿದ್ದಾರೆ. 10ನೇ ಗ್ರೇಡ್‌ನವರಿಗೆ ಪರೀಕ್ಷೆ ಈಗಲೂ ಇದೆ, ಡಿಪ್ಲೊಮಾ ಮಾತ್ರ ಅದರ ಮೇಲೆ ನಿಂತಿಲ್ಲ. ಎಸ್‌ಎಟಿ ಅನ್ನೋ ಇನ್ನೊಂದು ಪರೀಕ್ಷೆ ಕಾಲೇಜು ಪ್ರವೇಶದ ಲೆಕ್ಕ, ಡಿಪ್ಲೊಮಾದ್ದಲ್ಲ.

ನಿಜವಾದ ತೊಡಕು ಕ್ರೆಡಿಟ್‌ನದು, ಅಂದರೆ ಇಲ್ಲಿ ಓದಿದ ವಿಷಯಗಳನ್ನು ಅಲ್ಲಿ ಡಿಪ್ಲೊಮಾಗೆ ಎಷ್ಟು ಲೆಕ್ಕಕ್ಕೆ ಹಿಡಿಯುತ್ತಾರೆ ಅನ್ನುವುದು. ಅದನ್ನು ತೀರ್ಮಾನಿಸುವುದು ಆಯಾ ಸ್ಕೂಲ್ ಡಿಸ್ಟ್ರಿಕ್ಟ್ (ಅಲ್ಲಿನ ಸರ್ಕಾರಿ ಶಾಲೆಗಳ ಸ್ಥಳೀಯ ಆಡಳಿತ). ನಮ್ಮ ಅಂಕಪಟ್ಟಿಯಲ್ಲಿ 625ಕ್ಕೆ ಎಷ್ಟು ಅಂತಿರುತ್ತದೆಯೇ ಹೊರತು ಪಾಠದ ಅವಧಿ ಇರುವುದಿಲ್ಲ. ಹಾಗಾಗಿ ಅಂಕಪಟ್ಟಿಗಳ ಜೊತೆ ಸಿಲಬಸ್, ವಾರಕ್ಕೆಷ್ಟು ಪೀರಿಯಡ್ ಅಂತ ಹೆಡ್‌ಮಾಸ್ಟರ್ ಸಹಿ-ಸೀಲು ಹಾಕಿದ ಇಂಗ್ಲಿಷ್ ಪತ್ರವನ್ನು ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. 9ನೇ ತರಗತಿಯ ಅಂಕಪಟ್ಟಿ ಮರೆಯಬೇಡಿ, ಅವರ ಹೈಸ್ಕೂಲ್ ಶುರುವಾಗುವುದೇ ಅಲ್ಲಿಂದ. ಅಮೆರಿಕದ ಇತಿಹಾಸವನ್ನಂತೂ ಹೊಸದಾಗಿ ಓದಬೇಕು. ಕನ್ನಡವನ್ನು ಭಾಷಾ ಕ್ರೆಡಿಟ್ ಆಗಿ ಹಿಡಿಯುತ್ತಾರಾ ಅಂತ ಅಲ್ಲಿನ ಶಾಲೆಯ ಕೌನ್ಸೆಲರ್ ಹತ್ತಿರ ಮೊದಲ ಭೇಟಿಯಲ್ಲೇ ಕೇಳಿ.